ಒಂದು ಕೊಂಬೆ

ಸೋಹಾರಿನ ಜೂನ್ ಸಂಜೆಗೆ ಗಾಳಿಯಿಲ್ಲ, ಬರೀ ಬೆವರು.
ಮಗ್ರಿಬ್ ಮುಗಿದ ಮೇಲೆ ಅಂಗಳದ ದೀಪ ಹಾಕಿ
ಸ್ಟೂಲು ತಂದಿಟ್ಟಳು ಝುವೈನಾ.
ಮನೆ ಅವಳದು, ಹಿಂದಿನ ಕೋಣೆ ನನ್ನ ಬಾಡಿಗೆ.
ಮರವೂ ಅವಳದೇ. ಸಿದ್ರ್ ಅನ್ನುತ್ತಾಳೆ;
ಗದಗಿನವಳು ನಾನು, ಬಾರಿಗಿಡ ಅನ್ನುತ್ತೇನೆ.
ಹಣ್ಣು ಗೋಲಿಯಷ್ಟು, ಅದರಲ್ಲಿ ಮುಕ್ಕಾಲು ಬೀಜ.

"ಒಂದು ಕೊಂಬೆ ಕೊಡ್ತೀನಿ,
ಉಳಿದದ್ದು ಮುಟ್ಟಬೇಡ."
ಬೆರಳೆತ್ತಿ ತೋರಿಸಿದಳು, ನನ್ನ ಅರಬ್ಬಿಯ ಮೇಲೆ
ನಂಬಿಕೆ ಸಾಲದೆ.

ಹಗಲು ನಾನು ಸುಟ್ಟಗಾಯದ ವಾರ್ಡಿನಲ್ಲಿ.
ತೊಡೆಯ ಚರ್ಮ ಹೆರೆದು ಎದೆಗೆ ಹಚ್ಚುತ್ತಾರೆ ಅಲ್ಲಿ.
ಅದಕ್ಕೂ ಕಸಿ ಅಂತಲೇ ನಮ್ಮ ಮಾತಿನಲ್ಲಿ.
ಐದನೇ ದಿನ ಪಟ್ಟಿ ಬಿಚ್ಚುವಾಗ
ಉಸಿರು ಬಿಗಿಹಿಡಿಯುವವಳು ನಾನು.

ಕಡ್ಡಿ ಕತ್ತರಿಸಿ ಕೊಟ್ಟವನು ಬರ್ಕಾ ತೋಟದ ಮುತಲಿಬ್.
ಒದ್ದೆ ಬ್ಯಾಂಡೇಜು ಸುತ್ತಿ ತಂದೆ,
ಟಿಫಿನ್ನಿನಲ್ಲಿ, ಮೊಸರನ್ನದ ಪಕ್ಕ.
ತೊಗಟೆಯಲ್ಲಿ ಟಿ ಆಕಾರದ ಸೀಳು,
ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಎಬ್ಬಿಸಿ
ಒಳಗೆ ಸರಿಸಿ, ಕಟ್ಟು. ಕಣ್ಣು ಮಾತ್ರ ಹೊರಗಿರಲಿ.
ಇಷ್ಟೇ. ಕೈ ನಡುಗಬಾರದು.
ನಡುಗಿತು.

ಮೊದಲ ಕಣ್ಣು ಒಣಗಿತು, ಎರಡನೆಯದು ಕಪ್ಪಾಯಿತು.
ಮೂರನೆಯದನ್ನು ಪಕ್ಕದ ಮನೆಯ ಮೇಕೆ
ಗೋಡೆ ಹಾರಿ ಬಂದು ಪಟ್ಟಿ ಸಮೇತ ತಿಂದಿತು.
ಝುವೈನಾ ನಕ್ಕಳು, ನಕ್ಕು ನಕ್ಕು ಕೆಮ್ಮಿದಳು.
ಆ ಕೆಮ್ಮು ನನಗೆ ಹಿಡಿಸಲಿಲ್ಲ.

ನಾಲ್ಕನೆಯದು ಹಸಿರಾಗಿಯೇ ಉಳಿದು
ಹದಿನೆಂಟನೇ ದಿನ ಚಿಗುರಿತು.
ಇನ್ನು ಮೇಲಿನದೆಲ್ಲ ಕಡಿಯಬೇಕು, ಎಂದೆ,
ಇಲ್ಲದಿದ್ದರೆ ಕಾಡುಗಿಡವೇ ಗೆಲ್ಲುತ್ತೆ.
"ಯಾಕೆ," ಅಂದಳು, "ಜಾಗ ಇದೆಯಲ್ಲ?"

ಎರಡನೇ ಚಳಿಗಾಲಕ್ಕೆ ಒಂದೇ ಬುಡದ ಮೇಲೆ
ಮೂರು ಕಡೆ ಗೋಲಿ, ಒಂದು ಕಡೆ ಕೋಳಿಮೊಟ್ಟೆ.
ದೊಡ್ಡದನ್ನು ಕಚ್ಚಿ, "ನೀರು!" ಎಂದು ಮೂತಿ ತಿರುವಿ
ತನ್ನ ಸಣ್ಣದನ್ನೇ ಬಾಯಿಗೆಸೆದುಕೊಂಡಳು.

ಫೆಬ್ರವರಿಯಲ್ಲಿ ಹೋದಳು.
ನೈಟ್ ಡ್ಯೂಟಿ ಮುಗಿಸಿ ಬಂದರೆ ಅಂಗಳದ ತುಂಬ ಹೆಂಗಸರು,
ಅವಳ ಮೈ ತೊಳೆಯುವ ನೀರಿಗೆ
ಎಲೆ ಕೀಳುತ್ತಿದ್ದರು. ಮೇಲಿನವು ಎಟುಕವು.
ಕೈಗೆ ಸಿಗುವಷ್ಟು ತಗ್ಗಿನಲ್ಲಿ
ನನ್ನದೊಂದೇ ಕೊಂಬೆ.

ಹೇಳಲೇ, ಅದು ಕಸಿಯದ್ದು ಅಂತ?
ಯಾರಿಗೆ, ಯಾವ ಮಾತಿನಲ್ಲಿ.
ಚಪ್ಪಲಿ ಬಿಟ್ಟು ಹೋಗಿ ಬಗ್ಗಿಸಿ ಹಿಡಿದೆ,
ಇದ್ದ ನಾಲ್ಕು ಮುಳ್ಳು
ಅವರ ಕೈಗೆ ತಾಗದ ಹಾಗೆ.