ಟ್ಯಾಲಿ ಪುಸ್ತಕದ ಹಿಂಬದಿ

ಮುಂಬದಿಯಲ್ಲಿ ಅದಿರಿನ ಲೆಕ್ಕ: ಬಾರ್ಜಿನ ನಂಬರು, ಟನ್ನು, ಸಹಿ.
ಬುಡಮೇಲು ಮಾಡಿ ಹಿಂದಿನಿಂದ ತೆರೆದರೆ
ದಾವಲಸಾಬನ ಭಾಷೆ ಶುರುವಾಗುತ್ತದೆ.

ವಾಸ್ಕೋದ ಬಾಯ್ನಾದಲ್ಲಿ ಎಂಟಕ್ಕೆ ಹತ್ತರ ಖೋಲಿ.
ನನ್ನದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಪಾಳಿ,
ಅವನದು ಬಂದರಿನಲ್ಲಿ ಹಗಲು. ಒಂದೇ ಹಾಸಿಗೆ, ಎರಡು ನಿದ್ದೆ.
ನಡುವಿನ ಅರ್ಧ ತಾಸು, ಸ್ಟವ್ವಿಗೆ ಗಾಳಿ ಹೊಡೆಯುತ್ತ, ಪಾಠ.

"ಎಲ್ಲಾದಕ್ಕೂ ಯಾಕಲೇ ಬಾಲಕ್ಕ ಉಕಾರ ಕಟ್ಟತೀವಿ ನಾವು?
ಬಸ್ಸು, ಬೋಟು, ಪೋರ್ಟು, ರಿಪೋರ್ಟು.
ಮಾತು ಎಲ್ಲಿ ನಿಂದರತದ ಅಲ್ಲೇ ನಿಂದರಲಿ."
ಅವನ ಭಾಷೆಯಲ್ಲಿ ಹಡಗಿಗೆ ನುಪ್.
ಲಂಗರು ಹಾಕಿದ್ದು ನುಪ್, ತುಟಿ ಮುಚ್ಚಿ ನಿಂತದ್ದು.
ಬರುತ್ತಿದ್ದರೆ ನುಪಾ. ಹೋಗುತ್ತಿದ್ದರೆ ನುಪೊ.
ಒಂದಿರಲಿ ಹತ್ತಿರಲಿ, ಬಹುವಚನ ಇಲ್ಲ.
"ಎಷ್ಟು ಎಷ್ಟು ಅಂತ ಹಗಲೆಲ್ಲಾ ಬರೀತೀನಿ. ಇಲ್ಲೂ ಬ್ಯಾಡ."

ಲಿಂಗ ಎರಡು: ತುಕ್ಕು ಹಿಡಿಯುವುದು, ಹಿಡಿಯದ್ದು.
ಕ್ರೇನು, ಬೀಗ, ಮಾಲಕ, ಮಂಗಳವಾರ ಅತ್ತ.
ಹುಣಸೆಹಣ್ಣು, ಅವ್ವ, ನೆರಳು ಇತ್ತ.
ಮಂಗಳವಾರ ಯಾಕೋ ಅಂದರೆ "ಅಪವಾದ" ಅಂದ.
"ಅಪವಾದ ಇಲ್ಲದ ಭಾಷಾ ಯಾರೂ ನಂಬಂಗಿಲ್ಲ."
ನಾನು ಯಾವ ಲಿಂಗ, ಕೇಳಿದೆ.
ಚಾ ಸೋಸಿದ. ಹೇಳಲಿಲ್ಲ.

ಬಾಡಿಗೆ ಕೇಳಲು ಬಂದ ಪಿಯೆದಾದ್ ಬಾಯಿ ಹೊಸ್ತಿಲಲ್ಲೇ ನಿಂತು
"ಖಂಯ್ಚಿ ಭಾಸ್ ರೇ ತಿ?" ಅಂದಳು.
ತಿಂಗಳಾ ಬಂದಳು. ತಿಂಗಳಾ ಸ್ವಲ್ಪ ಹೆಚ್ಚು ಹೊತ್ತು ನಿಂತಳು.

ಕ್ರಿಯಾಪದಕ್ಕೆ ಕಾಲ ಇಲ್ಲ, ಸಾಕ್ಷಿ ಇದೆ.
ಗೆಮ್ ಅಂದರೆ ತುಂಬು.
ಗೆಮಿಶ್: ತುಂಬಿತು, ಕಣ್ಣಾರೆ ಕಂಡೆ.
ಗೆಮಿತೊ: ತುಂಬಿತಂತೆ.
ಇದು ಕನ್ನಡದ 'ಅಂತೆ'ಯಿಂದ ಕದ್ದದ್ದು ಎಂದು ಒಪ್ಪಿಕೊಂಡ,
ಇಂಥಾ ಬಾಲ ಮತ್ತೆಲ್ಲಿ ಸಿಗಬೇಕು.
ಗೆಮಿರಕ: ತುಂಬಿದೆಯೆಂದು ಪುಸ್ತಕ ಹೇಳುತ್ತದೆ.
ನಾಲ್ಕನೆಯದು ಪೆನ್ಸಿಲಿನಲ್ಲಿ, ಬೇರೊಂದು ದಿನ,
ಬರೆದು ಒರೆಸಿ ಮತ್ತೆ ಬರೆದದ್ದು.
ಗೆಮಿರಕಮ್: ಪುಸ್ತಕ ಹೇಳುತ್ತದೆ,
ಬರೆದವನು ನಾನೇ, ಹಾಗಿಲ್ಲ.
ಕೊನೆಗೆ ಮ್. ತುಟಿ ಮುಚ್ಚಲೇಬೇಕು.
ಉದಾಹರಣೆ ಕೊಟ್ಟಿಲ್ಲ. ಹಾಳೆ ಮಗುಚಿದರೆ
ಮುಂಬದಿಯಲ್ಲಿ ಮೂರು ಬಾರ್ಜು, ಮೂರಕ್ಕೂ ದುಂಡಗಿನ ಅಂಕಿ.

ಅವನು ನವಲಗುಂದದಲ್ಲಿ, ನಾನು ರೋಣದಲ್ಲಿ,
ಕನ್ನಡ ಶಾಲೆಯ ಜಮಖಾನದ ಮೇಲೆ ಒಂದೇ ರಾಗದಲ್ಲಿ ಒದರಿದ್ದೆವು:
ಲೋಪ, ಆಗಮ, ಆದೇಶ.
ಆ ವರ್ಷ ಬಂದರಿನ ನೋಟಿಸ್ ಬೋರ್ಡಿಗೆ ಮೊದಲು ಆದೇಶ ಬಂತು,
ಹಿಂದೆಯೇ ಸಾಲು ಸಾಲು ಲೋಪ, ಹೆಸರು ಹೆಸರಾಗಿ.
ನುಪಾ ಅನ್ನಲು ಸಮುದ್ರದ ಮೇಲೆ ಏನೂ ಇರಲಿಲ್ಲ.

ಒಂದು ಮುಂಜಾನೆ ಪಾಳಿ ಮುಗಿಸಿ ಬಂದರೆ ಹಾಸಿಗೆ ಸುತ್ತಿಟ್ಟಿತ್ತು.
ಮೇಲೆ ಈ ಪುಸ್ತಕ, ಅವನ ಪಾಲಿನ ಬಾಡಿಗೆ.
ಹಾಜರಿ ಪುಸ್ತಕದಲ್ಲಿ: ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾನೆ.
ಸ್ಟೇಶನ್ನಿನಲ್ಲಿ ನೋಡಿದೆ ಅಂದ ಒಬ್ಬ. ಇನ್ನೊಬ್ಬ, ಅವನಲ್ಲ ಬಿಡು.

ಹೋಗು ಅನ್ನುವುದಕ್ಕೆ ಅವನ ಧಾತು ರೆವ್.
ರೆವಿಶ್ ಅನ್ನಲಾರೆ, ಕಂಡಿಲ್ಲ.
ರೆವಿತೊ ಅಂದರೆ ಯಾರದೋ ಮನೆಯ ಸುದ್ದಿ.
ರೆವಿರಕ, ಅದು ಆಫೀಸಿನ ಮಾತು.
ಮ್ ಹಚ್ಚೋಣವೆಂದರೆ ಬರೆದವನು ನಾನಲ್ಲ.
ಕನ್ನಡಕ್ಕೆ ಈ ತಕರಾರಿಲ್ಲ. ಹೋದ ಅನ್ನುತ್ತದೆ,
ಎರಡೇ ಅಕ್ಷರ, ಮುಂದಿನ ಮಾತಿಗೆ ನಡೆಯುತ್ತದೆ.

ಪದಪಟ್ಟಿ 'ತ'ದವರೆಗೆ ಬಂದು ನಿಂತಿದೆ.
ನಾನು ಫಕ್ಕೀರಪ್ಪ. ಅಲ್ಲಿಗೆ ಮುಟ್ಟಿಲ್ಲ.

ತಿಂಗಳ ಮೊದಲ ವಾರ ಪಿಯೆದಾದ್ ಬಾಯಿ ಬಂದಳು,
ಒಳಗೆ ಇಣುಕಿದಳು, ಒಂದೇ ಲೋಟ ಕಂಡಳು.
ಏನು ಹೇಳಲಿ. ಬಾಯಿಗೆ ಬಂದದ್ದು
ನುಪೊ.
ಅವಳು ನೋಟು ಎಣಿಸುವುದು ಬಿಟ್ಟು
ತಿರುಗಿ ನೀರಿನ ಕಡೆ ನೋಡಿದಳು.