ಜಾಸ್ತಿ

ಮಾತು ಆಗಿದ್ದು ಎರಡರ ಮ್ಯಾಲ.
ಆಡು ಹಲೀಮಾಬಿದು, ಮೇಸೋದು ನಾನು,
ಹಾಲು ನನ್ನ ಚಹಾಕ್ಕ, ಹಿಕ್ಕಿ ನನ್ನ ತಿಪ್ಪಿಗಿ,
ಮೊದಲ ಮರಿ ಆಕಿಗಿ, ಎರಡನೇದು ನಂಗ.
ಕಾಗದ ಇಲ್ಲ, ಪತ್ರ ಇಲ್ಲ.
ಆಕಿ ಬಳಿ ಬುಟ್ಟಿ ಇಳಿಸಿ ನನ್ನ ಕೈಗಿ
ಅರ್ಧ ಡಜನ್ ಹಸಿರು ಬಳಿ ಏರಿಸಿ
ರೊಕ್ಕ ಬ್ಯಾಡಂದಳು.
ಅದೇ ಮುಚ್ಚಳಿಕಿ.

ಕಾಗಿಣಾ ದಂಡಿಗಿ ನಮ್ಮೂರು.
ನೆಲ ಅಂದ್ರ ಕಲ್ಲು, ಗ್ವಾಡಿ ಅಂದ್ರ ಕಲ್ಲು,
ಆಡಿನ ಗೂಡಿಗೂ ನಮ್ಮವರು ನಾಕು ಪರ್ಸಿ ನಿಲ್ಲಿಸಿ ಮ್ಯಾಲೊಂದು ಹೊಚ್ಚ್ಯಾರ,
ಖಣಿಯಾಗ ಮೂಲಿ ಮುರಿದವು, ಯಾರೂ ಕೊಳ್ಳದವು.
ಬ್ಯಾಸಗಿಗಿ ಅದು ಹಂಚಿನಂಗ ಕಾಯ್ತದ.
ಮಸಿ ಹಗಲೆಲ್ಲ ಬನ್ನಿ ನೆಳ್ಳಿಗಿ.
ಜಾಲಿ ಮುಳ್ಳಿನ ನಡುವ ತುಟಿ ಹಾಕಿ
ಒಂದೊಂದೇ ಎಲಿ ತಗೀತಾಳ,
ನಮ್ಮತ್ತಿ ಜ್ವಾಳದಾಗಿನ ಹಳ್ಳು ಆರಿಸಿದಂಗ.

ಈ ಸಲ ತೊಗರಿ ರಾಶಿ ಆದ ಮ್ಯಾಲ
ಹೊಟ್ಟು ಮೂರು ಚೀಲ ಸಿಕ್ಕಿತ್ತು.
ಅದಕ್ಕೇ ಇರಬೇಕು, ಮಸಿ ಹೊಟ್ಟಿ ಅಷ್ಟಗಲ.
ನಸುಕಿನಾಗ ಈದಳು. ಒಂದು. ಎರಡು.
ನಾ ಕೈ ತೊಳಕೊಂಡು ಬರೋದ್ರಾಗ
ಇನ್ನೊಂದು ಬಿದ್ದಿತ್ತು ಗೋಣಿ ತಟ್ಟಿನ ಮ್ಯಾಲ,
ಹಿಂಡದ ಅರಿವಿಯಂಗ.
ಮೂಗಿಗಿ ಊದಿದೆ.
ಸೀನ್ತು.

ಮಲಿ ಎರಡು, ಬಾಯಿ ಮೂರು.
ದೇವರೂ ಎರಡರ ಮ್ಯಾಲೇ ಮಾತಾಡಿದ್ದ ಕಾಣಸ್ತದ.

ಕೆಮ್ಮಿನ ಔಷಧದ ಬಾಟ್ಲಿ, ಸೈಕಲ್ಲಿನ ವಾಲ್ ಟ್ಯೂಬು,
ದಿನಕ್ಕ ಐದು ಸಲ.
ನನ್ನ ಚಹಾದ ಹಾಲು ಅದರ ಹೊಟ್ಟಿಗಿ ಹೋಯ್ತು.
ಮಾರೋ ಜೀವಕ್ಕ ಹೆಸರಿಡಬಾರದಂತ ಹಿರ್ಯಾರು ಹೇಳ್ಯಾರ.
ಇಡಲಿಲ್ಲ.
"ಎಲ್ಲದ ಆ ಜಾಸ್ತಿಂದು?" ಅಂತ ಕೇಳಿ ಕೇಳಿ
ಜಾಸ್ತಿ ಅಂದ್ರ ಓಡಿ ಬರೋದು ಕಲೀತು.

ಹಲೀಮಾಬಿ ಬಂದು ನೋಡಿ ಹೋದಳು.
ಮೂರನೇದು ಯಾರದು ಅಂತ ಆಕಿ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಆ ಮಾತು ನಮ್ಮಿಬ್ಬರ ನಡುವ ಕೂತು
ಎಲಿ ಅಡಕಿ ತಿಂತು.
ಹಾಲಿನ ಲೆಕ್ಕ ನಂಗ ಗೊತ್ತು.
ಮಸಿಗಿ ಕೊಟ್ಟ ರೊಕ್ಕ ಆಕಿಗಿ ಗೊತ್ತು.
ವರ್ಷ ತುಂಬಿದ ಹೋತು ಬಕ್ರೀದಿಗಿ ಎಷ್ಟಕ್ಕ ಹೋಗ್ತದಂತ
ಇಬ್ಬರಿಗೂ ಗೊತ್ತು.

ಆಮ್ಯಾಲ ಪಶುಸಖಿ ಸುಭದ್ರಾ ಬಂದಳು,
ಹೆಗಲಿಗಿ ಬರ್ಫಿನ ಡಬ್ಬಿ,
ಕೈಯಾಗ ಕಿವಿಗಿ ಹಳದಿ ಬಿಲ್ಲಿ ಹೊಡಿಯೋ ಇಕ್ಕಳ.
ಮಸಿಗಿ ಹೊಡದು ಬರಕೊಂಡಳು, ಹಲೀಮಾಬಿ ಅಂತ.
ಮೊದಲನೇದಕ್ಕ ಆಕಿ ಹೆಸರು, ಎರಡನೇದಕ್ಕ ನಂದು.
ಜಾಸ್ತಿ ಕಿವಿ ಹಿಡದು ಕೇಳಿದಳು,
"ಇದು ಯಾರ ಹೆಸರಿಗಿ?"

ಹಲೀಮಾಬಿ ಬುಟ್ಟಿಯಾಗಿನ ಬಳಿ ಎಣಿಸಿದಳು.
ನಾ ಗೂಡಿನ ಕಲ್ಲು ನೋಡಿದೆ,
ಅವತ್ತೇ ಮೊದಲ ಸಲ ಕಂಡಂಗ.
"ಅಕ್ಕಾ, ಬಿಸಲು. ಇನ್ನಾ ಹದಿನೆಂಟು ಮನಿ ಅವ."
ಜಾಸ್ತಿ ಆಕಿ ಸೆರಗು ತಿನ್ನಲತ್ತಿತ್ತು.
ಸಿಟ್ಟಿಗೆದ್ದು, ಹತ್ರ ನಿಂತಾಕಿ ನಾನಂತ
ಮೋನಮ್ಮ, ಅಂತ ಬರದೇ ಬಿಟ್ಟಳು.
"ಫೋನ್ ನಂಬರು?"
ನಮ್ಮನಿ ಫೋನು ನಮ್ಮವರ ಕಿಸೇದಾಗ ಖಣಿಗಿ ಹೋಗ್ತದ.
ಹಲೀಮಾಬಿ ತಂದು ಹೇಳಿದಳು,
ಒಂದೊಂದೇ ಅಂಕಿ, ಉರ್ದುನಾಗ,
ಸೊನ್ನಿ ಬಂದಾಗೆಲ್ಲ ಒಂದು ಬಳಿ ಎತ್ತಿ ತೋರಿಸಿ.

ಈಗ ಹೆಸರು ನಂದು, ನಂಬರು ಆಕಿದು.
ಜಾಸ್ತಿ ಬಗ್ಗೆ ಸರಕಾರ ಏನರ ಹೇಳಬೇಕಂದ್ರ
ಆಕಿ ಫೋನಿನಾಗ ಟಿಂವ್ ಅಂತದ.
ಆಕಿಗಿ ಓದಾಕ ಬರಲ್ಲ, ನಂಗೂ ಬರಲ್ಲ.
ಓಣಿ ದಾಟಿ ಬರ್ತಾಳ. ಇಬ್ಬರೂ ಹೋಗಿ
ಐದನೇತ್ತಿನ ಸುಗಲಾ ಮುಂದ ನಿಲ್ತೀವಿ.
ನಿನ್ನಿ ಬಂದಿದ್ದು, ರಿಚಾರ್ಜ್ ಮುಗೀತಂತ.

ಆದ್ರೂ ಚಹಾಕ್ಕ ಕೂತಳು.
ಕರೀ ಚಹಾ ನೋಡಿ, "ಹಾಲು?" ಅಂದಳು.
"ಅವ ಕುಡದಾನ," ಅಂದೆ.

ಅವ ಗೂಡಿನ ಪರ್ಸಿ ಮ್ಯಾಲ ಜಿಗದು ನಿಂತಿದ್ದ,
ನಮ್ಮಿಬ್ಬರಿಗಿಂತ ಎತ್ತರ,
ಕಿವಿಯಾಗಿನ ಹನ್ನೆರಡು ಅಂಕಿ ಝಾಡಿಸ್ಕೋತ.