ನಾಲ್ಕನೇ ಪಾಳಿ

ಬ್ಯಾಡಗಿ ಪ್ಯಾಟಿಯೊಳಗ ಸ್ವಿಚ್ಚಿಗೂ ನೆಗಡಿ.
ಪೆಟ್ಟಿಗಿ ಬಿಚ್ಚಿದರ ಫ್ಯಾನಿನ ರೆಕ್ಕಿ ತುಂಬ
ಕೆಂಪು ಪುಡಿ.
ಇಪ್ಪತ್ನಾಕು ಕಿಂಡಿ, ಇಪ್ಪತ್ನಾಕು ಹಸರು ಕಣ್ಣು,
ಪಿಳಿಪಿಳಿ.
ನಾ ಸೀನಿದೆ. ಸೆಕ್ರೆಟರಿ ಬಣಕಾರ ಸಾಹೇಬ್ರೂ ಸೀನಿದರು.
"ಎರಡು ಸೀನು, ಶುಭ ಆತು" ಅಂದರು.

ಹೋದ ಗುರುವಾರದ ಕತಿ ಹಿಂಗ:
ಟೆಂಡರ್ ಮುಚ್ಚೋದು ಎರಡಕ್ಕ.
ಎರಡಕ್ಕ ಒಂದು ನಿಮಿಷ ಇದ್ದಾಗ ಒತ್ತಿದ ದರ
ಎರಡು ದಾಟಿ ಒಂದಕ್ಕ ಮುಟ್ಟಿತು.
ಲಾಟ್ ಮುನ್ನೂರಾ ಹದಿನೇಳು, ಕಡ್ಡಿ ತಳಿ, ಒಣ ಮಾಲು,
ಕ್ವಿಂಟಲಿಗೆ ಎಂಟುನೂರು ಗಾಳಿಗೆ ಹೋತು.
ಒಂದು ಅಂಕಿ. ಅದರ ತೂಕ ಎಷ್ಟು?
ಒಂದು ಮೆಣಸಿನಬೀಜದಷ್ಟೂ ಇಲ್ಲ.
ಅದ ತಂತಿಯೊಳಗ, ಅದರ ಮುಂದ,
ಮೂವತ್ತೆರಡು ಕ್ಯಾಮರಾ,
ಅಡತಿ ಅಂಗಡಿ ಹುಡುಗರ ಕ್ರಿಕೆಟ್ಟು,
ಯಾರದೋ ಮದುವಿ ವಿಡಿಯೋ.
ಹೊಟ್ಟು ತುಂಬಿದ ಟ್ರ್ಯಾಕ್ಟರ್ ಹಿಂದ
ಬೆಲ್ಲು ಬಾರಿಸಿಕೋತ ನಿಂತ ಟಪಾಲಿನವ.

ನೀಲಿ ವಾಯರ್ ಚುಚ್ಚಿ ಕುಂತೆ.
ಮೊದಲ ಗುರುತು ಹಚ್ಚಬೇಕು.
ಹಮಾಲರು ಚೀಲಕ್ಕ ಬಣ್ಣದಾಗ ಬರೀತಾರಲ್ಲ, ಹಂಗ
ಒಂದೊಂದು ಪ್ಯಾಕೆಟ್ಟಿನ ಹಣಿ ಮ್ಯಾಲ ಒಂದೊಂದು ಅಂಕಿ:
ನಲವತ್ತಾರು ಅಂದ್ರ ತಡೀಬ್ಯಾಡ,
ಇಪ್ಪತ್ತಾರು ಅಂದ್ರ ಲಗೂನ ಕಳಸು,
ಸೊನ್ನಿ ಅಂದ್ರ ಬಂದಾಗ ಬರಲಿ,
ಎಂಟು ಅಂದ್ರ, ಬಿಡು, ಜಾಗ ಉಳದ್ರ ನೋಡೋಣ.
ಯಂತ್ರ ಹೊಟ್ಟಿ ನೋಡಾಂಗಿಲ್ಲ, ಹಣಿ ನೋಡತೈತಿ.
ಹಣಿಬರಾ ಅಂತ ನಮ್ಮವ್ವ ಮಾತಿಗೊಮ್ಮೆ ಅಂತಿದ್ಲು.
ಅದನ್ನ ನನ್ನ ಕೈಲೆ ಬರೀತೇನಿ ಅಂದ್ಕೊಂಡಿದ್ದಿಲ್ಲ.

ಟೆಂಡರಿಗೆ ಒಂದನೇ ಪಾಳಿ.
ತೂಕದ ಕಾಟಾಕ್ಕ ಎರಡು.
ಕ್ಯಾಮರಾಕ್ಕ ಮೂರು.
"ಮಂದಿ ವಿಡಿಯೋ ಗಿಡಿಯೋ?" ಕೇಳಿದೆ.
"ಕುತ್ತಿಗಿ ಹಿಸಕ್ರಿ" ಅಂದ್ರು ಸಾಹೇಬ್ರು. "ಸೊನ್ನಿ."

ಚಾ ಕುಡ್ಯಾಕ ಕೆಳಗ ಇಳದೆ.
ಕೆಂಪು ಗುಡ್ಡದ ಬುಡಕ್ಕ ಮೂಗಿಗೆ ಸೆರಗು ಕಟ್ಟಿ
ತೊಟ್ಟು ಬಿಡಸೋ ಹೆಣಮಕ್ಕಳು.
ಒಬ್ಬಾಕಿ ಮಾತ್ರ, ಫಕ್ಕೀರವ್ವ,
ಪ್ಯಾಟಿ ವೈಫೈ ಹುಡುಕ್ಕೋತ
ಫೋನ್ ಎತ್ತಿ ಹಿಡದು ಗೋಡಿಗುಂಟ ತಿರಗತಿದ್ಲು.
ಪಡದ್ಯಾಗ ಒಂದು ಎಮ್ಮಿ ಬಾಲ, ನಡುಗಾಳ್ಯಾಗ ನಿಂತದ್ದು.
"ಮೋಟೆಬೆನ್ನೂರಾಗ ನಮ್ಮೆಮ್ಮಿ ಈಯಾಕ ಹತ್ತೇತ್ರಿ.
ಬಾಜು ಮನಿ ಹುಡುಗಿ ತೋರಸಾಕತ್ತಾಳ.
ಬಾಲ ಎತ್ತಿದ್ದು ಎತ್ತಿದಂಗ ಐತಿ, ಅರ್ಧ ತಾಸಾತು.
ನೀವ ಏನ್ರಿ ವಾಯರಿನವ್ರು?"
ಹೌದಬೇ, ಪಾಳಿ ಹಚ್ಚಾಕ ಬಂದೇನಿ.
"ನಂದು ಎಷ್ಟನೇದು?"
ಸುಳ್ಳು ಬಾಯಿಗೆ ಬರಲಿಲ್ಲ. ನಾಲ್ಕನೇದು.
"ಎಷ್ಟರಾಗ?"
ನಾಲ್ಕರಾಗ.
ಸೆರಗಿನೊಳಗ ನಕ್ಕಳು.
"ಹೊಸಾದೇನ್ ಮಾಡಿದ್ರಿ ಹಂಗಾರ?
ಶನಿವಾರ ಬಟವಡೇದಾಗೂ ಹಿಂಗ ಐತಿ."

ಚಾ ಅರ್ಧಕ್ಕ ಬಿಟ್ಟು ಮ್ಯಾಲ ಬಂದೆ.
ಕಲಿಯೋವಾಗ ಹೇಳಿದ್ದು ಒಂದು ನೆನಪಾತು:
ಮೊದಲನೇ ಪಾಳಿಗೆ ಲಗಾಮಿಲ್ಲದಂಗ ಬಿಟ್ಟರ
ಕೆಳಗಿನ ಪಾಳಿ ಉಪವಾಸ ಬೀಳತೈತಿ.
ಖರೇನ, ಉಪವಾಸ ಅಂತನ ಅವರ ಶಬ್ದ.
ಯಾವ ಇಂಜಿನಿಯರು ಯಾವ ಹೊತ್ತಿನ ಹಸಿವಿನಾಗ
ಹೆಸರಿಟ್ಟನೋ.

ನೂರಕ್ಕ ಹತ್ತು.
ಏನ ಬರಲಿ, ಏನ ಹೋಗಲಿ, ನಾಲ್ಕನೇದಕ್ಕ ಹತ್ತು.
ಟೆಂಡರಿನ ಕೂದಲೂ ಕೊಂಕಾಂಗಿಲ್ಲ,
ಬೀಜಕ್ಕ ಎಷ್ಟು ಜಾಗ ಬೇಕು?
ಸಾಹೇಬ್ರಿಗೆ ಹೇಳಲೇನು ಅಂತ ತಿರುಗಿದೆ.
ಸೀನತಿದ್ರು. ಮೂರನೇದು.
ಸುಮ್ಮನ ಉಳಿಸು ಅಂತ ಒತ್ತಿದೆ.
ಒತ್ತದಿದ್ರ, ಕರೆಂಟ್ ಹೋದ ಕೂಡಲೇ
ಎಲ್ಲಾ ಮರೀತೈತಿ ಇದು, ಮನಷ್ಯಾರಂಗ.

ಎರಡು ಗಂಟಿ. ದರ ಎಲ್ಲಾ ಮುಟ್ಟಿದವು,
ಒಂದೂ ತಡ ಆಗಲಿಲ್ಲ. ಯಾರೂ ಏನೂ ಅನಲಿಲ್ಲ.
ನನ್ನ ಕೆಲಸ ಅಂದ್ರ ಇದ, ಯಾರೂ ಏನೂ ಅನದಿರೋದು.

ಕೆಳಗಿಂದ ಒಂದು ಕೂಗು. ಓಡಿ ಇಳದೆ.
ಎಂಟ್ಹತ್ತು ಕೆಂಪು ಕೈಯ ನಡುವ ಒಂದು ಫೋನು.
ಮೋಟೆಬೆನ್ನೂರಿಂದ ಒಂದು ಕರ
ಚೌಕ ಚೌಕ ಆಗಿ ಹುಟ್ಟಾಕ ಹತ್ತಿತ್ತು:
ಮೊದಲ ಒಂದು ಕಾಲು,
ತಡೆದು ಒಂದು ಕಿವಿ,
ಮತ್ತ ತಡೆದು, ಒದ್ದಿ ಮೂಗು.

"ಹೆಣ್ಣೋ ಗಂಡೋ?" ಅಂದೆ.
"ತಡೀರಿ" ಅಂದ್ಲು ಫಕ್ಕೀರವ್ವ,
"ಆ ಚೌಕ ಇನ್ನೂ ಪಾಳಿಯೊಳಗೈತಿ."